ಫ್ಯಾನು, ಸ್ವೆಟರು ಮತ್ತು ಅಕ್ಕನ ಥೈರಾಯಿಡ್ಡು

ಹಿರಿಯೂರಿನಲ್ಲಿ ನನ್ನ ಅಕ್ಕನ ಮನೆಯ ಪಡಸಾಲೆ. ಏಪ್ರಿಲ್ ತಿಂಗಳ ನಡು ಮಧ್ಯಾಹ್ನ. ಅಲ್ಲಿದ್ದವರು ಮೂವರು: ಮರದ ಬೆಂಚಿನ ಮೇಲೆ ಬರೀ ಬನಿಯನ್ನಿನಲ್ಲಿ ಕುಳಿತು ಹಳೆಯ ದಿನಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಭಾವ, ಎದುರಿನ ಕುರ್ಚಿಯಲ್ಲಿ ನೇರಳೆ ಬಣ್ಣದ ಉಣ್ಣೆಯ ಸ್ವೆಟರ್ ತೊಟ್ಟು, ಅದರ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು ಕುಳಿತಿದ್ದ ಅಕ್ಕ, ಮತ್ತು ಚಿತ್ರದುರ್ಗದ ಬಸ್ಸಿನಿಂದ ಆಗಷ್ಟೇ ಇಳಿದು ಬಂದು, ಇವರಿಬ್ಬರಲ್ಲಿ ಯಾರ ಋತುಮಾನವನ್ನು ನಂಬುವುದೆಂದು ತಿಳಿಯದೆ ಹೊಸಿಲಲ್ಲೇ ನಿಂತ ನಾನು. ನಮ್ಮೆಲ್ಲರ ತಲೆಯ ಮೇಲೆ ಒಂದು ಫ್ಯಾನಿತ್ತು. ಅದು ನಿಂತಿತ್ತು.

ಪ್ರಪಂಚದಲ್ಲಿ ಫ್ಯಾನು ಹಾಕುವವರು, ಫ್ಯಾನು ಆರಿಸುವವರು ಎಂದು ಎರಡು ಪಂಗಡಗಳಿರುವುದನ್ನು ನೀವೂ ಗಮನಿಸಿರಬಹುದು. ಹೆಣ್ಣು ಗಂಡು ಕೂಡಿಸುವ ಹಿರಿಯರು ಮನೆತನ, ನಕ್ಷತ್ರ, ಮೂಗಿನ ಉದ್ದ ಎಲ್ಲವನ್ನೂ ವಿಚಾರಿಸಿ ಇದೊಂದನ್ನು ಮಾತ್ರ ವಿಚಾರಿಸದೆ ಬಿಡುವುದರಿಂದ, ಹಾಕುವ ಪಂಗಡಕ್ಕೂ ಆರಿಸುವ ಪಂಗಡಕ್ಕೂ ತಪ್ಪದೆ ವಿವಾಹವಾಗಿ, ದಾಂಪತ್ಯವೆಂಬುದು ಒಂದೇ ಸ್ವಿಚ್ಚಿನ ಮೇಲೆ ಎರಡು ಬೆರಳುಗಳ ಆಜೀವ ಸಂವಾದವಾಗಿ ನಡೆಯುತ್ತದೆ. ನನ್ನ ಮನೆಯಲ್ಲಿ ನಾನು ಆರಿಸುವವನು. ದೇಶದ ವಿದ್ಯುತ್ತಿನ ಮೇಲಿನ ಕಾಳಜಿ ಎಂದು ಹೇಳಿಕೊಳ್ಳುತ್ತೇನಾದರೂ ಬೋಳುತಲೆಗೆ ನೇರ ಗಾಳಿ ಬಡಿದರೆ ನೆಗಡಿಯಾಗುತ್ತದೆಂಬುದು ಅದರ ಒಳಗುಟ್ಟು. ಅಕ್ಕನ ಮನೆಯಲ್ಲಿ ಹಾಕುವವಳು ಅಕ್ಕ. ಮದುವೆಯಾದಂದಿನಿಂದ ಹಾಗೆಯೇ. ಸಂಕ್ರಾಂತಿಯ ಚಳಿಯಲ್ಲೂ ಫ್ಯಾನು ಐದರಲ್ಲಿ ತಿರುಗುತ್ತಿರಬೇಕು. ಭಾವ ಎದ್ದು ಅದನ್ನು ಮೂರಕ್ಕಿಳಿಸಿದರೆ ಅಡುಗೆಮನೆಯಲ್ಲಿದ್ದುಕೊಂಡೇ ಅವಳಿಗೆ ಗೊತ್ತಾಗಬೇಕು. ಗೊತ್ತಾದದ್ದು ಇಡೀ ಬೀದಿಗೆ ಕೇಳಿಸಬೇಕು. ಅಕ್ಕನ ಗಂಟಲು ಅಂಥದು. ಮಾಳಿಗೆಯ ಮೇಲೆ ನಿಂತು ಅವಳು ಕೂಗಿದರೆ ತಿರುವಿನಾಚೆ ದಾಟಿ ಹೋದ ಸೊಪ್ಪಿನ ಗಾಡಿ ಹಿಂತಿರುಗಿ ಬರುತ್ತಿತ್ತು.

ಅಂಥ ಅಕ್ಕ ಈಗ ಸ್ವೆಟರಿನೊಳಗೆ ಕುಳಿತು, ಒದ್ದೆ ತಮಟೆಯಂಥ ದನಿಯಲ್ಲಿ, ಬಂದೆಯೇನಪ್ಪಾ ಎಂದು ಕೇಳಿದಳು. ಚಪ್ಪಲಿಯನ್ನು ಬಾಗಿಲಿಗೆ ಅಡ್ಡವಾಗಿ ಬಿಟ್ಟಿದ್ದೆ. ಅದನ್ನು ನೋಡಿದಳು. ಏನೂ ಅನ್ನಲಿಲ್ಲ. ಹಿಂದಾಗಿದ್ದರೆ ಅದನ್ನು ತಿರುಗಿಸಿಡುವವರೆಗೆ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ.

ಭಾವ ನನ್ನನ್ನು ಕರೆಸಿಕೊಂಡದ್ದೇ ಇದಕ್ಕಾಗಿ. ಶೇಂಗಾ, ಕೊಬ್ಬರಿ ವ್ಯಾಪಾರದಲ್ಲಿ ಆಯಸ್ಸು ಕಳೆದ ಅವರು ಹೆಚ್ಚು ಮಾತಿನವರಲ್ಲ. ಮನೆಯಲ್ಲಿ ಅವರ ಪಾಲಿನ ಮಾತನ್ನೂ ಅಕ್ಕನೇ ಆಡಿ ಮುಗಿಸುತ್ತಿದ್ದುದರಿಂದ ಅಭ್ಯಾಸವೂ ತಪ್ಪಿತ್ತು. ಕೈಕಾಲು ತೊಳೆಯುವ ನೆಪದಲ್ಲಿ ನನ್ನನ್ನು ಹಿತ್ತಲಿಗೆ ಕರೆದೊಯ್ದು, ನಲ್ಲಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಹೇಳಿದರು: “ನನ್ನ ಬೈದು ಎಷ್ಟ್ ದಿನ ಆತೋ ಗೊತ್ತಿಲ್ಲ ಮಾಸ್ತರ್ರೆ. ಮೊನ್ನೆ ಬೇಕಂತ್ಲೇ ಪಡಸಾಲೇಲಿ ಶೇಂಗಾ ಮೂಟೆ ಇಳಿಸ್ದೆ. ಪಕ್ಕಕ್ಕೆ ಸರ್ಕೊಂಡು ಹೋದ್ಲು.”

ಮಾಸ್ತರ್ರೆ ಎಂದದ್ದು ಶಾಲಾ ಮಾಸ್ತರನೆಂದಲ್ಲ. ನಾನು ರೈಲು ನಿಲ್ದಾಣದ ಮಾಸ್ತರನಾಗಿದ್ದವನು. ರಾಮಗಿರಿಯ ಗುಡ್ಡವನ್ನು ನೋಡುತ್ತ ಹಸಿರು ಬಾವುಟ ಬೀಸಿ, ಈಗ ಚಿತ್ರದುರ್ಗದಲ್ಲಿ ನಿವೃತ್ತಿ ವೇತನವನ್ನೂ ಪತ್ರಿಕೆಗಳ ಆರೋಗ್ಯ ಅಂಕಣಗಳನ್ನೂ ಸಮಪ್ರಮಾಣದಲ್ಲಿ ಸೇವಿಸುತ್ತಿರುವವನು. ಗ್ರಂಥಗಳನ್ನು ಓದುವ ಚಟವಿದ್ದವನಿಗೆ ವಯಸ್ಸಾದ ಮೇಲೆ ಗ್ರಂಥಿಗಳನ್ನು ಓದುವ ಚಟ ಹತ್ತಿದ್ದು ಸಹಜವೇ. ನೆಂಟರಿಷ್ಟರಲ್ಲಿ ಯಾರಿಗೆ ಏನಾದರೂ ಮೊದಲು ನನಗೆ ಫೋನು ಮಾಡುತ್ತಾರೆ. ನಾನು ಹೇಳಿದ್ದನ್ನೆಲ್ಲ ಕೇಳಿಕೊಂಡು ಆಮೇಲೆ ಡಾಕ್ಟರ ಬಳಿ ಹೋಗುತ್ತಾರೆ. ಆದ್ದರಿಂದಲೇ ಇನ್ನೂ ಎಲ್ಲರೂ ಬದುಕಿದ್ದಾರೆ.

ಅಕ್ಕನದು ಥೈರಾಯಿಡ್ ಎಂದು ಚಿತ್ರದುರ್ಗದ ಡಾಕ್ಟರಮ್ಮ ಹೇಳಿ ಆಗಲೇ ಒಂದು ವರ್ಷ ದಾಟಿತ್ತು. ಭಾವನಿಗೆ ಅರ್ಥವಾಗದೆ ಉಳಿದದ್ದು ಒಂದೇ: ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಎಂಬುದರ ಅಂಕಿ ಪ್ರತಿಸಲವೂ ಏರುತ್ತಿತ್ತು, ಡಾಕ್ಟರಮ್ಮ ಮಾತ್ರ ಥೈರಾಯಿಡ್ ಕಡಿಮೆಯಾಗಿದೆ ಎನ್ನುತ್ತಿದ್ದರು. ಏರಿದ್ದು ಇಳಿದದ್ದು ಹೇಗಾಗುತ್ತದೆಂಬುದು ವ್ಯಾಪಾರಸ್ಥನಾದ ಅವರಿಗೆ ಬಗೆಹರಿದಿರಲಿಲ್ಲ. ಆ ಸಂಜೆ ಅದನ್ನು ಅವರಿಗೆ ವಿವರಿಸುವ ಸುಯೋಗ ನನಗೊದಗಿತು, ನಾನು ಬಿಡಲಿಲ್ಲ.

ನಮ್ಮ ದೇಹವೆಂಬುದೊಂದು ರೈಲ್ವೆ ವಿಭಾಗ ಎಂದುಕೊಳ್ಳಿ ಎಂದೆ. ಕತ್ತಿನಲ್ಲಿ ಥೈರಾಯಿಡ್ ಗ್ರಂಥಿ ಎಂಬ ಒಂದು ನಿಲ್ದಾಣ, ಮೂತ್ರಪಿಂಡಗಳ ನೆತ್ತಿಯ ಮೇಲೆರಡು, ಹೊಟ್ಟೆಯ ಹಿಂಭಾಗದಲ್ಲೊಂದು. ನೋಡಲು ಅಂಗೈಯಲ್ಲಿ ಅಡಗುವಷ್ಟು ಸಣ್ಣವು, ಆದರೆ ಒಂದೊಂದೂ ತನ್ನ ಸರಕನ್ನು ರಕ್ತವೆಂಬ ಹಳಿಯ ಮೇಲೆ ಹೊತ್ತಿಗೆ ಸರಿಯಾಗಿ ಹೊರಡಿಸಬೇಕು. ಆ ಸರಕಿಗೆ ಹಾರ್ಮೋನು ಎನ್ನುತ್ತಾರೆ. ಇವೆಲ್ಲಕ್ಕೂ ಮೇಲೆ, ತಲೆಬುರುಡೆಯ ತಳದಲ್ಲಿ, ಕಡಲೆಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಎಂಬ ಕಂಟ್ರೋಲ್ ರೂಮು. ನನಗಿಂತ ಮುಂಚೆ ಒಂದು ಸಣ್ಣ ನಿಲ್ದಾಣದಲ್ಲಿ ಒಬ್ಬ ಮಾಸ್ತರರಿದ್ದರು. ಊಟವಾದ ಮೇಲೆ ಅವರ ನಿದ್ದೆ ಗೂಡ್ಸ್ ಗಾಡಿ ಹಾಯ್ದರೂ ಕದಲುತ್ತಿರಲಿಲ್ಲ. ಕಂಟ್ರೋಲಿನವರು ಫೋನಿನಲ್ಲಿ ಮೊದಲು ಮೆತ್ತಗೆ ಕರೆಯುವರು, ಉತ್ತರವಿಲ್ಲ; ಜೋರಾಗಿ ಕರೆಯುವರು, ಉತ್ತರವಿಲ್ಲ; ಕೊನೆಗೆ ಫೋನಿನಿಂದ ಹೊರಬಿದ್ದ ಅವರ ಬೈಗುಳ ಪ್ಲಾಟ್‌ಫಾರ್ಮಿನ ಬೇವಿನ ಮರದಡಿ ಮಲಗಿದ್ದ ಕುರಿಗಳಿಗೆ ಕೇಳಿಸಿ ಅವು ಎದ್ದು ನಿಲ್ಲುತ್ತಿದ್ದವು, ಮಾಸ್ತರರು ಏಳುತ್ತಿರಲಿಲ್ಲ. ಟಿಎಸ್‌ಎಚ್ ಎಂದರೆ ಕಂಟ್ರೋಲಿನವರ ಆ ಕೂಗು. ಕತ್ತಿನ ಮಾಸ್ತರ ಎಷ್ಟು ಗಾಢವಾಗಿ ಮಲಗಿರುತ್ತಾನೋ ಮೇಲಿನವರು ಅಷ್ಟು ಜೋರಾಗಿ ಕೂಗುತ್ತಾರೆ. ಏರಿರುವುದು ಕೂಗು, ಇಳಿದಿರುವುದು ಕೆಲಸ.

ಭಾವ ಪತ್ರಿಕೆ ಬೀಸುವುದನ್ನು ನಿಲ್ಲಿಸಿದರು.

“ಹಂಗಾದ್ರೆ ಇವಳ ಬಾಯಾಗಿನ ಕೂಗೆಲ್ಲ ತಲೆಗೆ ಹೋಗಿ ಕುಂತೈತೆ ಅನ್ರಿ.”

ನನ್ನ ಅಷ್ಟೂ ಉಪನ್ಯಾಸಕ್ಕಿಂತ ಅದು ಸ್ಪಷ್ಟವಾಗಿತ್ತೆಂದು ಒಪ್ಪಿಕೊಳ್ಳಲೇಬೇಕು.

ಮಲಗಿದ ಮಾಸ್ತರನ ಬದಲಿಗೆ ದಿನಕ್ಕೊಂದು ಗುಳಿಗೆ ಕೆಲಸ ಮಾಡಬೇಕಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಸಾಕು, ಮೈ ಬೆಚ್ಚಗಾಗಿ, ದನಿ ಬಿಚ್ಚಿ, ಮನುಷ್ಯ ಮೊದಲಿನಂತಾಗಬೇಕು. ಅಕ್ಕ ಒಂದು ದಿನವೂ ತಪ್ಪಿಸಿರಲಿಲ್ಲ. ಆದರೂ ಕೂಗು ಇಳಿಯಲಿಲ್ಲ. ಡಾಕ್ಟರಮ್ಮ ಗುಳಿಗೆಯ ಬಲವನ್ನು ಏರಿಸುತ್ತ ಏರಿಸುತ್ತ ಹೋಗಿ, ಕಡೆಗೆ ಇದು ಹೊಟ್ಟೆಯಲ್ಲಿ ಹೀರಿಕೊಳ್ಳುತ್ತಲೇ ಇಲ್ಲ, ಒಳಗೆ ಬೇರೇನೋ ಇರಬಹುದು, ದಾವಣಗೆರೆಯ ದೊಡ್ಡ ಆಸ್ಪತ್ರೆಯಲ್ಲಿ ಬಾಯಿಂದ ನಳಿಕೆ ಬಿಟ್ಟು ನೋಡಿಸಿ ಎಂದಿದ್ದರು. ಆ ‘ಬೇರೇನೋ’ ಎಂಬ ಶಬ್ದ ಭಾವನ ನಿದ್ದೆ ಕೆಡಿಸಿತ್ತು. ಅಕ್ಕನಿಗೆ ಮಾತ್ರ ಯಾವ ಆತಂಕವೂ ಇಲ್ಲ. ಅದೇ ಹೆಚ್ಚಿನ ಆತಂಕ. ಸೊಂಟಕ್ಕೆ ಸದಾ ಸಿಕ್ಕಿಸಿಕೊಂಡಿರುತ್ತಿದ್ದ ಬೀಗದ ಕೈಗೊಂಚಲನ್ನು, ಕೇಳದೆಯೇ, ಸೊಸೆಯ ಕೈಗಿತ್ತಿದ್ದಳು. ಒಳ್ಳೆಯ ಸೀರೆಗಳನ್ನು ಹಂಚುತ್ತಿದ್ದಳು. ಸೊಸೆ ಪಾಪ, ಸಿಕ್ಕ ಅಧಿಕಾರವನ್ನು ಹಿಡಿದುಕೊಳ್ಳಲೂ ಆರದೆ ಬಿಡಲೂ ಆರದೆ, ಕೈಗೊಂಚಲನ್ನು ದೇವರ ಗೂಡಿನ ಮುಂದಿಟ್ಟು ಓಡಾಡುತ್ತಿದ್ದಳು.

ಅಕ್ಕನ ವಾದ ಸರಳವಾಗಿತ್ತು. ಇದು ಕಾಯಿಲೆಯಲ್ಲ, ಪಕ್ವತೆ. ಯಾರ ಮೇಲೂ ಸಿಟ್ಟು ಬರುತ್ತಿಲ್ಲ, ಯಾವುದರ ಮೇಲೂ ಆಸೆಯಿಲ್ಲ, ಕುಂತರೆ ಏಳಬೇಕೆನಿಸುವುದಿಲ್ಲ. ಮಠದ ಪ್ರವಚನಗಳಲ್ಲಿ ಇಷ್ಟು ವರ್ಷ ಕೇಳಿದ್ದು ಇದನ್ನೇ ಅಲ್ಲವೇ?

“ಶಿವ ಕರೀತಾ ಅವನೆ ಕಣೋ. ಕರೆಯೋನ್ನ ಬಿಟ್ಟು ಪೈಪು ನುಂಗು ಅಂತೀಯಲ್ಲ.”

ಸೋಮವಾರ ದಾವಣಗೆರೆಗೆ ಹೊರಡುವುದು ಎಂದು ನಿಶ್ಚಯವಾಗಿತ್ತು. ಅವಳನ್ನು ಒಪ್ಪಿಸುವುದು ನನ್ನ ಪಾಲಿನ ಕೆಲಸ. ಒಪ್ಪದಿದ್ದರೆ ಗುಳಿಗೆಯನ್ನೂ ನಿಲ್ಲಿಸಿ, ಆ ಸ್ವೆಟರಿನೊಳಗೇ ಸದ್ದಿಲ್ಲದೆ ಆರಿಹೋಗುತ್ತಾಳೇನೋ ಎಂಬ ಹೆದರಿಕೆ ಭಾವನ ಮುಖದಲ್ಲಿತ್ತು.

ವೈರಾಗ್ಯದ ವಿರುದ್ಧ ವಾದಿಸುವುದು ಕಷ್ಟ. ಅದರಲ್ಲೂ ರಾತ್ರಿಯೂಟಕ್ಕೆ ಕುಳಿತು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತ ವಾದಿಸುವುದು ಇನ್ನೂ ಕಷ್ಟ. ಸಕ್ಕರೆ ಕಾಯಿಲೆಯಿರುವ ನನ್ನ ತಟ್ಟೆಗೆ ಎರಡನೆಯ ಹೋಳಿಗೆ ಬಿದ್ದಾಗ ಹೊಟ್ಟೆಯ ಹಿಂದಿನ ಮೇದೋಜೀರಕ ಗ್ರಂಥಿ ಕೈಜೋಡಿಸಿ ಬೇಡಿಕೊಂಡಿತಾದರೂ, ನಾಲಗೆ ಅದಕ್ಕಿಂತ ಮೇಲಧಿಕಾರಿಯಾದ್ದರಿಂದ ಆ ಅರ್ಜಿ ತಿರಸ್ಕೃತವಾಯಿತು. ಆದರೂ ಪ್ರಯತ್ನಿಸಿದೆ. ನಮ್ಮದೆಂದು ನಾವು ತಿಳಿದ ಸ್ವಭಾವವೆಲ್ಲ ನಮ್ಮದಲ್ಲ, ತೊಟ್ಟು ದ್ರವದ ಲೀಲೆ ಎಂದೆ. ಉದಾಹರಣೆಗೆ ನನ್ನ ಧೈರ್ಯವನ್ನೇ ತೆಗೆದುಕೊಳ್ಳಿ. ಒಮ್ಮೆ ನೆಂಟರನ್ನು ಕಟ್ಟಿಕೊಂಡು ಚಂದ್ರವಳ್ಳಿಯ ಗುಹೆಗೆ ಹೋಗಿದ್ದೆ. ಗುಹೆಯ ಪುರಾತನತೆಯ ಬಗ್ಗೆ ಗಂಭೀರವಾಗಿ ವಿವರಿಸುತ್ತ ಮುಂದೆ ನಡೆಯುತ್ತಿದ್ದವನು ನಾನೇ. ಟಾರ್ಚು ಹಿಡಿದವನು ತಮಾಷೆಗೆಂದು ಅದನ್ನು ಆರಿಸಿದ. ಅದೇ ಕ್ಷಣದಲ್ಲಿ ಬಾವಲಿಯೋ, ಯಾರದೋ ಸೆರಗೋ ನನ್ನ ಕಿವಿಯನ್ನು ಸವರಿತು. ಮುಂದಿನದು ನನಗೆ ನೆನಪಿಲ್ಲ. ಟಾರ್ಚು ಮತ್ತೆ ಹತ್ತಿದಾಗ ನಾನು ಹೊರಗೆ ಬಂಡೆಯ ಮೇಲೆ ಬಿಸಿಲಿನಲ್ಲಿದ್ದೆ. ಹೊರಟ ರೈಲನ್ನು ಹಿಡಿಯಲೂ ಎಂದೂ ಓಡದ ಈ ಕಾಯವನ್ನು, ಹೆಂಗಸರು ಮಕ್ಕಳನ್ನೆಲ್ಲ ದಾಟಿಸಿ, ಆ ತಗ್ಗು ಬಾಗಿಲಿನಲ್ಲಿ ತಲೆ ತಗಲದಂತೆ ಹೊರಗೆ ತಂದದ್ದು ನಾನಲ್ಲ, ಮೂತ್ರಪಿಂಡದ ನೆತ್ತಿಯ ಮೇಲೆ ಕುಳಿತ ಅಡ್ರಿನಲ್ ಗ್ರಂಥಿ ಎಂದು ಹೆಂಡತಿಗೆ ಅಂದಿನಿಂದ ತಿಳಿಸಿ ಹೇಳುತ್ತಿದ್ದೇನೆ. ಹಾಗಾದರೆ ಆ ಗ್ರಂಥಿಗೇ ಇನ್ನು ಮುಂದೆ ಕಾಫಿ ಮಾಡಿಕೊಡುತ್ತೇನೆ ಎನ್ನುತ್ತಾಳೆ.

ಈ ಕಥೆಗೆ ಅಕ್ಕ ಹಿಂದೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಂದು ಅರ್ಧದಲ್ಲೇ ತೂಕಡಿಸಿದಳು.

ಮಾರನೆಯ ಬೆಳಿಗ್ಗೆ ಕಾಫಿಯ ಆಸೆಗೆ ಬೇಗ ಎದ್ದೆ. ಅಕ್ಕನ ಪೂಜೆ ಮುಗಿಯುವವರೆಗೆ ಆ ಮನೆಯಲ್ಲಿ ಒಲೆಯ ಮೇಲೆ ಕಾಫಿಯ ಪಾತ್ರೆ ಏರುವುದಿಲ್ಲವೆಂಬುದನ್ನು ಮರೆತಿದ್ದೆ. ಅದು ನಮ್ಮವ್ವನ ಕಾಲದ ಕಟ್ಟು. ಮಾತು, ಗಾದೆ, ನಂಟಸ್ತನ ಎಲ್ಲವನ್ನೂ ನಾನು ಕಲಿತದ್ದು ಅವ್ವನಿಂದ ಮತ್ತು ಅವಳ ಅಕ್ಕತಂಗಿಯರಿಂದ. ಆದರೆ ಈ ಕಟ್ಟನ್ನು ಮಾತ್ರ ನಾನು ರಾತ್ರಿಪಾಳಿಯ ಚಹಾದಲ್ಲಿ ಕರಗಿಸಿಬಿಟ್ಟಿದ್ದೆ, ಅಕ್ಕ ಉಳಿಸಿಕೊಂಡಿದ್ದಳು. ಸ್ನಾನ ಮಾಡಿ, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುವವರೆಗೆ ಬಾಯಿಗೆ ನೀರಿನ ಹನಿಯೂ ಇಲ್ಲ; ಆಮೇಲೂ, ಲಿಂಗಕ್ಕೆ ತೋರಿಸದ ಯಾವುದೂ ಗಂಟಲಲ್ಲಿ ಇಳಿಯುವುದಿಲ್ಲ.

ದೇವರ ಕೋಣೆಯ ಬಾಗಿಲಲ್ಲಿ ಕುಳಿತೆ. ತಣ್ಣೀರ ಸ್ನಾನದಿಂದ ಬಂದಿದ್ದ ಅಕ್ಕ ಮಡಿಸೀರೆಯಲ್ಲಿ ನಡುಗುತ್ತಿದ್ದಳು. ಮಡಿಯಲ್ಲಿ ಸ್ವೆಟರಿಗೆ ಪ್ರವೇಶವಿಲ್ಲ. ಕುರ್ಚಿಯಿಂದ ಏಳಲು ಮೂರು ಸಲ ಯೋಚಿಸುವವಳು ನೆಲದ ಮೇಲೆ ಬೆನ್ನು ನೇರ ಮಾಡಿ ಕುಳಿತಿದ್ದಳು. ಅಂಗೈ ಮಾತ್ರ ನಡುಗುತ್ತಿರಲಿಲ್ಲ. ನಿನ್ನೆಯ ನನ್ನ ಉಪನ್ಯಾಸ ಅಲ್ಲಿ ಸ್ವಲ್ಪ ಕುಂಟಿತು. ಗ್ರಂಥಿ ಮಲಗಿದರೆ ದನಿ ಹೋಗುತ್ತದೆ, ಬಿಸಿ ಹೋಗುತ್ತದೆ, ಸಿಟ್ಟು ಹೋಗುತ್ತದೆ, ಸರಿ; ಹಾಗಾದರೆ ಇಷ್ಟು ನಸುಕಿನಲ್ಲಿ ಇವಳನ್ನು ಎಬ್ಬಿಸಿ ತಣ್ಣೀರು ಸುರಿಸಿಕೊಳ್ಳುವಂತೆ ಮಾಡಿದ್ದು ಯಾವ ಗ್ರಂಥಿಯ ರಸ? ಯಾವ ಆರೋಗ್ಯ ಅಂಕಣದಲ್ಲೂ ನಾನು ಅದರ ಹೆಸರು ಓದಿದ ನೆನಪಾಗಲಿಲ್ಲ.

ವಿಭೂತಿ ಆಯಿತು, ಪತ್ರೆ ಆಯಿತು. ನೈವೇದ್ಯದ ಪುಟ್ಟ ಬೆಳ್ಳಿ ತಟ್ಟೆ ಮುಂದೆ ಬಂತು: ಒಂದು ಬಾಳೆಹಣ್ಣು, ಸಕ್ಕರೆ ಹಾಕಿದ ಒಂದು ಲೋಟ ಹಾಲು, ಮತ್ತು ಹಣ್ಣಿನ ಪಕ್ಕದಲ್ಲಿ, ಅಕ್ಷತೆಯ ಕಾಳಿಗಿಂತ ತುಸು ದೊಡ್ಡದಾದ ಒಂದು ಬಿಳಿ ಗುಳಿಗೆ.

ಅಕ್ಕ ತಟ್ಟೆಯನ್ನು ಲಿಂಗಕ್ಕೆ ತೋರಿಸಿ ಕಣ್ಣು ಮುಚ್ಚಿದಳು. ಪೂಜೆ ಮುಗಿಸಿ, ಗುಳಿಗೆಯನ್ನು ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟುಕೊಂಡಳು, ಪ್ರಸಾದವನ್ನು ಬರಿಯ ನೀರಿನಲ್ಲಿ ನುಂಗಬಾರದೆಂಬ ಗೌರವದಿಂದ ಅದರ ಮೇಲೆ ಆ ಲೋಟದ ಹಾಲನ್ನು ಪೂರ್ತಿ ಕುಡಿದಳು, ಬಾಳೆಹಣ್ಣನ್ನು ತಿಂದಳು. ನಂತರ ಅಡುಗೆಮನೆಯ ಕಡೆ ತಿರುಗಿ ಕಾಫಿ ಇಡಲು ಸೊಸೆಗೆ ಹೇಳಿದಳು.

ಕೇಳಿದರೆ, ಒಂದು ವರ್ಷದಿಂದ ಹೀಗೆಯೇ ಎಂದಳು. ಖಾಲಿ ಹೊಟ್ಟೆಯಲ್ಲಿ ಎಂದಿದ್ದರು. ಪೂಜೆಯವರೆಗೆ ಅವಳದು ಖಾಲಿ ಹೊಟ್ಟೆಯೇ. ಆದರೆ ಆ ಗುಳಿಗೆಗೆ ಹಾಲೆಂದರೆ ಆಗದು. ಹಾಲಿನ ಸುಣ್ಣದಂಶ ಹೊಟ್ಟೆಯಲ್ಲೇ ಅದರ ಕೈಹಿಡಿದು ನಿಲ್ಲಿಸಿಕೊಂಡರೆ ಅದು ರಕ್ತ ಸೇರುವುದೇ ಅಷ್ಟಕ್ಕಷ್ಟೆ. ಡಾಕ್ಟರಮ್ಮ ಬಲ ಏರಿಸಿದಂತೆಲ್ಲ ಅಕ್ಕ, ಕಾಯಿಲೆ ಗಟ್ಟಿಯೆಂದು ಭಾವಿಸಿ, ಹಾಲಿನ ಲೋಟವನ್ನೂ ದೊಡ್ಡದು ಮಾಡಿದ್ದಳು. ಹೊಟ್ಟೆಯಲ್ಲಿದ್ದ ಆ ‘ಬೇರೇನೋ’ ಎಂದರೆ ಎಮ್ಮೆ ಹಾಲು.

ನಾನು ಭಾವನನ್ನು ಕೂಗಿದೆ. ಸೊಸೆಯೂ ಬಂದಳು. ನಾಳೆಯಿಂದ ಎದ್ದ ಕೂಡಲೇ, ಹಾಸಿಗೆಯಲ್ಲೇ, ನೀರಿನಲ್ಲಿ ಗುಳಿಗೆ ನುಂಗಿ ಆಮೇಲೆ ಪೂಜೆಗೆ ಕೂರಬೇಕೆಂದು ತೀರ್ಪಿತ್ತೆ. ಅಕ್ಕ ತಲೆಯಾಡಿಸಿದಳು. ಬೇಡವೆಂದು. ಸ್ವೆಟರು ಹಾಕಿಕೊಂಡು ಕುರ್ಚಿಗೆ ಬಂದು ಕುಳಿತಳು. ಈ ಕಟ್ಟು ಆರೋಗ್ಯಕ್ಕಿಂತ ದೊಡ್ಡದೇ ಎಂದೆ, ಶಿವ ಬೇಡವೆನ್ನುತ್ತಾನೆಯೇ ಎಂದೆ, ಅವ್ವನ ಕಾಲದಲ್ಲಿ ಈ ಗುಳಿಗೆ ಇರಲಿಲ್ಲವೆಂದೆ. ಅವಳು ಎಲ್ಲ ಕೇಳಿಸಿಕೊಂಡು, ಒಂದೊಂದೇ ಮಾತನ್ನು ಎತ್ತಿಡುವಂತೆ ಹೇಳಿದಳು:

“ಲಿಂಗಕ್ಕೆ ತೋರಿಸ್ದೆ ನುಂಗಿದ್ರೆ ಅದು ಬರೀ ಗುಳಿಗೆ ಕಣೋ. ತೋರಿಸ್ ನುಂಗಿದ್ರೆ ಪ್ರಸಾದ. ಬರೀ ಗುಳಿಗೆ ನುಂಗಿ ಇನ್ನೆಷ್ಟ್ ದಿನ ಇದ್ದು ಏನ್ ಮಾಡ್ಬೇಕೈತೆ?”

ಅತ್ತ ಡಾಕ್ಟರಮ್ಮನ ಶಾಸ್ತ್ರ, ಇತ್ತ ಅವ್ವನ ಶಾಸ್ತ್ರ. ಎರಡು ಗಾಡಿಗಳು ಒಂದೇ ಹಳಿಯ ಮೇಲೆ ಎದುರುಬದುರು ನಿಂತಾಗ ಏನು ಮಾಡಬೇಕೆಂದು ಇಲಾಖೆ ನನಗೆ ತರಬೇತಿ ಕೊಟ್ಟಿತ್ತಾದರೂ ಅದು ಇಲ್ಲಿ ಒದಗಲಿಲ್ಲ.

ಆಗ ಮೂಲೆಯ ಬೆಂಚಿನಿಂದ, ಆ ಮನೆಯಲ್ಲಿ ಅಪರೂಪವಾದ ದನಿಯೊಂದು ಬಂತು.

“ಮೊದ್ಲು ಗುಳಿಗೆ ತೋರ್ಸು, ತೀರ್ಥದ ಜೊತೆ ತಗ. ಹಾಲು ಹಣ್ಣು ಈಗ್ಲೇ ಯಾಕ್ ತೋರಿಸ್ತೀಯ? ಒಂದ್ ಗಂಟೆ ಕುಂತು ಜಪ ಮಾಡು. ಆಮೇಲೆ ತೋರ್ಸು. ದೇವ್ರಿಗೇನ್ ಬಸ್ಸು ಹಿಡಿಯೋದೈತಾ?”

ಭಾವ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಅಕ್ಕನೂ ನೋಡಿರಲಿಲ್ಲವೆಂದು ಕಾಣುತ್ತದೆ. ಅವರ ಮುಖವನ್ನೇ ನೋಡುತ್ತಿದ್ದಳು. ಬಿಲ್ವದ ನೀರು ಕುಡಿದರೆ ತೊಂದರೆಯಿಲ್ಲವಷ್ಟೇ ಎಂದು ಭಾವ ನನ್ನನ್ನು ಕೇಳಿದರು. ಪತ್ರೆಯನ್ನು ಆಮೇಲೆ ಏರಿಸಲಿ, ತೀರ್ಥ ಬರಿಯ ನೀರಾಗಿರಲಿ ಎಂದೆ. ಎರಡು ನೈವೇದ್ಯ ಮಾಡುವುದು ಶಾಸ್ತ್ರದಲ್ಲಿದೆಯೇ ಎಂದು ಅಕ್ಕ ಗೊಣಗಿದಳು. ಹಬ್ಬದ ದಿನ ನೀನೇ ಮೂರು ಮಾಡುತ್ತೀ ಎಂದರು ಭಾವ. ಅಕ್ಕ ಬೆರಳು ಮಡಿಸಿ ಲೆಕ್ಕ ಹಾಕಿದಳು. ಆಮೇಲೆ, ದಾವಣಗೆರೆಗೆ ಈಗ ಹೋಗಲೇಬೇಕೇ ಎಂದಳು. ನನಗೆ ಆ ಮಾತು ಹಿತವಾಗಿ ಕೇಳಿಸಿತು. ಶಿವನ ಕರೆಗೆ ಕಾದು ಕುಳಿತವರು ಬಸ್ಸಿನ ವಿಚಾರ ಕೇಳುವುದಿಲ್ಲ.

ಡಾಕ್ಟರಮ್ಮನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಆ ಕಡೆಯಿಂದ ಮೊದಲು ಬಂದದ್ದು ಕೆಮ್ಮೆಂದು ಹೇಳಬಹುದಾದ ಒಂದು ಸದ್ದು. ಬಳಿಕ ಗಂಭೀರವಾಗಿ, ದಾವಣಗೆರೆ ಸದ್ಯಕ್ಕೆ ಬೇಡ, ಆದರೆ ಆ ದೊಡ್ಡ ಗುಳಿಗೆ ಇನ್ನು ನಿಜವಾಗಿ ಮೈಗೆ ಸೇರಿದರೆ ಎದೆ ಕುದುರೆಯಂತೆ ಓಡೀತು, ಇವತ್ತೇ ಕರೆತನ್ನಿ, ಚಿಕ್ಕದರಿಂದ ಮತ್ತೆ ಶುರುಮಾಡೋಣ, ಒಂದೂವರೆ ತಿಂಗಳ ಮೇಲೆ ರಕ್ತ ನೋಡೋಣ ಎಂದರು. ದೇವರಿಗೆ ಒಂದು ಗಂಟೆ ಪೂರ್ತಿ ಬಿಡುವು ಕೊಡಬೇಕು, ಅರ್ಧ ಗಂಟೆಗೆ ಹಾಲು ತೋರಿಸಬಾರದು ಎಂದೂ ಎಚ್ಚರಿಸಿದರು. ಹೀಗೆ ಹಿರಿಯೂರಿನ ಒಂದು ಮನೆಯಲ್ಲಿ ಪರಶಿವನೂ ವೈದ್ಯರ ಸಲಹೆಯಂತೆ ಹಾಲಿಗೆ ಕಾಯತೊಡಗಿದ. ಅವನ ಜೊತೆ ಕಾಫಿಗೆ ಕಾಯುವ ಪಾಳಿ ಇಡೀ ಮನೆಯವರದಾಯಿತು.

ಒಂದೂವರೆ ತಿಂಗಳ ಮೇಲಿನ ರಕ್ತಪರೀಕ್ಷೆಯ ಸುದ್ದಿಯನ್ನು ಭಾವ ಫೋನಿನಲ್ಲಿ ಹೇಳಿದ್ದರು. ಕಂಟ್ರೋಲಿನವರ ದನಿ ಇಳಿದೈತೆ ಮಾಸ್ತರ್ರೆ, ಅಷ್ಟೆ.

ಮಳೆಗಾಲ ಮುಗಿಯುತ್ತ ಬಂದಾಗ ನಾನು ಮತ್ತೆ ಹಿರಿಯೂರಿಗೆ ಹೋದೆ. ಸಂಜೆ ಮೋಡ ಕವಿದು ತಣ್ಣನೆಯ ಗಾಳಿ ಬೀಸುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಒಳಗಿನಿಂದ, ಅಡ್ಡ ಬಿಟ್ಟವರು ಯಾರೆಂದು ಕೇಳುವ ದನಿ ಬಂತು. ಸೊಪ್ಪಿನ ಗಾಡಿ ತಿರುಗಿಸುವಷ್ಟು ಇನ್ನೂ ಆಗಿರಲಿಲ್ಲವಾದರೂ ಚಪ್ಪಲಿ ತಿರುಗಿಸಲು ಸಾಕಿತ್ತು. ತಿರುಗಿಸಿಟ್ಟು ಒಳಗೆ ಹೋದೆ. ಬೀಗದ ಕೈಗೊಂಚಲು ದೇವರ ಗೂಡಿನ ಮುಂದೆ ಇರಲಿಲ್ಲ. ಫ್ಯಾನು ಐದರಲ್ಲಿ ತಿರುಗುತ್ತಿತ್ತು. ಅದರ ಕೆಳಗೆ, ವರ್ಷವೊಂದರಲ್ಲಿ ಫ್ಯಾನಿಲ್ಲದೆ ಬದುಕಲು ಕಲಿತುಬಿಟ್ಟಿದ್ದ ಭಾವ, ನೇರಳೆ ಬಣ್ಣದ ಆ ಸ್ವೆಟರನ್ನು ತಾವು ತೊಟ್ಟುಕೊಂಡು ಬೆಂಚಿನ ಮೇಲೆ ಮುದುರಿ ಕುಳಿತಿದ್ದರು. ನನ್ನನ್ನು ನೋಡಿ ಧೈರ್ಯ ಬಂದವರಂತೆ ಎದ್ದು ರೆಗ್ಯುಲೇಟರಿನ ಕಡೆಗೆ ಕೈ ಚಾಚಿದರು.

“ಮುಟ್ರಿ ಅದನ್ನ, ನೋಡಾಣ,” ಎಂದಳು ಅಕ್ಕ, ಅಡುಗೆಮನೆಯಿಂದ.

ಭಾವ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಬಂದು ಕುಳಿತರು. ಆಮೇಲೆ ತುಸು ಸರಿದು ಬೆಂಚಿನ ಮೇಲೆ ನನಗೂ ಜಾಗ ಮಾಡಿಕೊಟ್ಟರು.